ದಾಸವಾಳಕ್ಕೊಂದು ಪಂಚೆ: ಮನೆಯೊಳಗೆ ಹೂವಿನ ಫೋಟೊ ತೆಗೆಯುವುದು

ನಮ್ಮ ಬಾಲ್ಕನಿಯಲ್ಲಿ ಕೆಂಪು ದಾಸವಾಳದ ಒಂದು ಕುಂಡ ಇದೆ. ಬೆಳಿಗ್ಗೆ ಅಮ್ಮ ದೇವರಿಗೆ ಅಂತ ಹೂವು ಕೀಳುವಾಗ ಒಂದನ್ನು ನನ್ನ ಪಾಲಿಗೆ ಬಿಡುತ್ತಾರೆ. ಕ್ಯಾಮೆರಾ ತಂದ ಹೊಸದರಲ್ಲಿ ಆ ಹೂವನ್ನು ಊಟದ ಮೇಜಿನ ಮೇಲಿಟ್ಟು, ಫ್ಲ್ಯಾಶ್ ಹಾಕಿ, ಒಂದೇ ಸಮ ನಲವತ್ತು ಫೋಟೊ ತೆಗೆದೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಇದು ಪ್ಲಾಸ್ಟಿಕ್ ಹೂವೇನೋ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಸಳಿನ ಮೇಲೆ ಬಿಳಿ ಹೊಳಪಿನ ಮಚ್ಚೆ. ಹಿಂದಿನ ಗೋಡೆಗೆ ಅಂಟಿಕೊಂಡ ಕಪ್ಪು ನೆರಳು. ಕೆಂಪು ಅಂದರೆ ಬರೀ ಕೆಂಪು, ಕುಂಕುಮದ ಭರಣಿ ಮಗುಚಿದ ಹಾಗೆ. ಎಸಳಿನ ಒಂದು ನರವೂ ಕಾಣಿಸುತ್ತಿರಲಿಲ್ಲ. ಕೇಸರದ ತುದಿ ಮಾತ್ರ ಚೂಪಾಗಿ, ಅಂದರೆ ಸ್ಪಷ್ಟವಾಗಿ ಬಂದಿತ್ತು, ಅದರ ಹಿಂದೆ ಎಲ್ಲ ಮಸುಕು.

ಆಗ ಕ್ಯಾಮೆರಾ ಮೇಲೆ ಅನುಮಾನ ಬಂತು. ಲೆನ್ಸ್ ಬದಲಾಯಿಸಬೇಕೇನೋ ಅಂತ ಅಂಗಡಿಗಳ ಬೆಲೆಪಟ್ಟಿ ನೋಡುತ್ತಾ ಕೂತೆ. ಕೊನೆಗೆ ಫೋಟೊ ಸರಿಹೋದದ್ದು ಅಪ್ಪನ ಹಳೆಯ ಬಿಳಿ ಪಂಚೆಯಿಂದ. ಪಂಚೆ ಮಾಡಿದ್ದೇನು ಅಂತ ಅರ್ಥವಾದರೆ ಹೂವಿನ ಫೋಟೊದ ಅರ್ಧ ವಿದ್ಯೆ ಬಂದ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೆರಳಿನ ಅಂಚು ಗಡುಸಾಗಿ ಬರುತ್ತದೋ ಮೆತ್ತಗೆ ಬರುತ್ತದೋ ಅನ್ನುವುದನ್ನು ನಿರ್ಧರಿಸುವುದು ಬೆಳಕಿನ ಜೋರು ಅಲ್ಲ. ಹೂವು ಇರುವ ಜಾಗದಿಂದ ನೋಡಿದರೆ ಆ ಬೆಳಕು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಸೂರ್ಯನನ್ನೇ ತಗೊಳ್ಳಿ. ಅಗಲ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಅಷ್ಟು ದೂರದಿಂದ ನಮಗೆ ಕಾಣುವುದು ಆಕಾಶದಲ್ಲಿ ಅರ್ಧ ಡಿಗ್ರಿಯ ಒಂದು ಬಿಲ್ಲೆ. ಚಂದ್ರನೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತಾನೆ. ಹುಣ್ಣಿಮೆ ದಿನ ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದು ನೋಡಿ, ಪೂರ್ತಿ ಮರೆಯಾಗಿಬಿಡುತ್ತಾನೆ. ಅಂದರೆ ಹೂವಿನ ಲೆಕ್ಕದಲ್ಲಿ ಬಿಸಿಲು ಒಂದು ಪುಟಾಣಿ ದೀಪ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಕೂಡ ಅದೇ ಜಾತಿ. ಪುಟಾಣಿ ದೀಪದ ಬೆಳಕು ಒಂದೇ ದಿಕ್ಕಿನಿಂದ ಬರುತ್ತದೆ. ಅದು ಬಿದ್ದ ಕಡೆ ಉರಿ, ಬೀಳದ ಕಡೆ ಕತ್ತಲು, ನಡುವೆ ಗೆರೆ ಎಳೆದ ಹಾಗೆ ಅಂಚು.

ಈಗ ಬಿಸಿಲು ಬರುವ ಕಿಟಕಿಗೆ ಪಂಚೆ ಕಟ್ಟಿ. ಬಿಸಿಲು ಪಂಚೆಗೆ ಬಡಿದು ಎಲ್ಲ ದಿಕ್ಕಿಗೂ ಚೆದರುತ್ತದೆ. ಹೂವಿನ ಮಟ್ಟಿಗೆ ಇನ್ನು ಸೂರ್ಯ ಇಲ್ಲ, ಪಂಚೆಯೇ ದೀಪ. ಒಂದು ಮೀಟರ್ ಅಗಲದ ಪಂಚೆಯನ್ನು ಒಂದು ಮೀಟರ್ ದೂರದಿಂದ ನೋಡಿದರೆ ಸುಮಾರು 53 ಡಿಗ್ರಿ ಕಾಣುತ್ತದೆ. ಸೂರ್ಯನಿಗಿಂತ ನೂರು ಪಟ್ಟು ಅಗಲ. ಈ ಬೆಳಕು ಎಸಳಿನ ಮಡಿಕೆಗಳನ್ನು ಬಳಸಿಕೊಂಡು ಬರುತ್ತದೆ. ನೆರಳು ಇರುತ್ತದೆ, ಆದರೆ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ಮೋಡ ಮುಚ್ಚಿದಾಗ ಮಲೆನಾಡಿನ ಹೂವೆಲ್ಲ ಅಷ್ಟು ಚೆಂದ ಕಾಣುವುದಕ್ಕೂ ಇದೇ ಕಾರಣ. ಅಲ್ಲಿ ಇಡೀ ಆಕಾಶಕ್ಕೇ ಯಾರೋ ಪಂಚೆ ಕಟ್ಟಿರುತ್ತಾರೆ.

ಇಲ್ಲಿ ಹೆಚ್ಚಿನವರು ಎಡವುವುದು ದೂರದ ವಿಷಯದಲ್ಲಿ. ಪಂಚೆ ಕಿಟಕಿಯಲ್ಲಿ, ಹೂವು ಹಾಲ್‌ನ ಇನ್ನೊಂದು ಮೂಲೆಯಲ್ಲಿ ಇದ್ದರೆ ಪಂಚೆ ಮತ್ತೆ ಚಿಕ್ಕದಾಯಿತು, ಬೆಳಕು ಮತ್ತೆ ಗಡುಸಾಯಿತು. ಮೇಜನ್ನೇ ಎಳೆದು ಕಿಟಕಿಗೆ ತಾಗಿಸಿ. ಪಂಚೆ ಫೋಟೊದೊಳಗೆ ಇಣುಕದಷ್ಟು ಹತ್ತಿರ ಬಂದರೆ ಸಾಕು. ಅಂಚಿನ ಪಂಚೆಯಾದರೆ ಅಂಚನ್ನು ಹಿಂದಕ್ಕೆ ಮಡಚಿ ಕಟ್ಟಿ. ಒಮ್ಮೆ ಹಸಿರು ಅಂಚಿನಿಂದಾಗಿ ನನ್ನ ಬಿಳಿ ಸೇವಂತಿಗೆಯ ಒಂದು ಮಗ್ಗುಲಿಗೆ ಪಾಚಿ ಹಿಡಿದ ಹಾಗೆ ಬಂದಿತ್ತು. ಪಂಚೆ ಇಲ್ಲದಿದ್ದರೆ ಸ್ಟೇಷನರಿ ಅಂಗಡಿಯ ಟ್ರೇಸಿಂಗ್ ಪೇಪರ್, ಬಟರ್ ಪೇಪರ್ ಯಾವುದಾದರೂ ನಡೆಯುತ್ತದೆ.

ಕಿಟಕಿ ಅಂದ ಮೇಲೆ ಒಂದು ಮಾತು. ಫೋಟೊಗ್ರಫಿ ಪಾಠಗಳಲ್ಲಿ ಉತ್ತರದ ಕಿಟಕಿಯನ್ನು ಹೊಗಳುವುದು ವಾಡಿಕೆ, ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ ಅಂತ. ಆ ಪಾಠ ಹುಟ್ಟಿದ್ದು ಯುರೋಪು, ಅಮೆರಿಕದ ಕಡೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ವಾಪಸ್ ಬರುವುದು ಆಗಸ್ಟ್ 18ರ ಹೊತ್ತಿಗೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಕೋಲು ನೆಟ್ಟು ತೋರಿಸುತ್ತಾರಲ್ಲ, ಆ ಎರಡು ದಿನಗಳು. ನಡುವಿನ ನಾಲ್ಕು ತಿಂಗಳು ನಮ್ಮ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ನಾನು ಇದನ್ನು ಕಲಿತದ್ದು ಮೇ ತಿಂಗಳಲ್ಲಿ, ಮೇಜಿನ ಮೇಲೆ ಬಾಡಿ ಬಿದ್ದ ಗುಲಾಬಿ ನೋಡಿ.

ಬೆಳಕು ದೊಡ್ಡದಾದ ಮೇಲೆ ಅದು ಯಾವ ಕಡೆಯಿಂದ ಬರಬೇಕು? ಕ್ಯಾಮೆರಾದ ಕಡೆಯಿಂದ ಅಂತೂ ಬೇಡ. ಎಸಳಿನ ಗೆರೆ, ಸುಕ್ಕು, ರೋಮ ಎಲ್ಲ ಕಾಣುವುದು ಪಕ್ಕದ ಬೆಳಕಿನಲ್ಲಿ. ಸಂಜೆಯ ಓರೆ ಬಿಸಿಲಿನಲ್ಲಿ ರಸ್ತೆಯ ಗುಂಡಿಗಳೆಲ್ಲ ಎದ್ದು ಕಾಣುವುದಿಲ್ಲವೇ, ಹಾಗೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಹಿಂದಿನ ಬೆಳಕು. ಎಸಳು ತೆಳ್ಳಗಿರುತ್ತದೆ, ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೂವನ್ನು ಕಿಟಕಿಗೂ ನಿಮಗೂ ನಡುವೆ, ಸ್ವಲ್ಪ ಓರೆಯಾಗಿ ಇಟ್ಟರೆ ನರಗಳೆಲ್ಲ ಮೂಡಿ ಬರುತ್ತವೆ. ಎರಡು ಎಸಳು ಒಂದರ ಮೇಲೊಂದು ಬಂದ ಕಡೆ ಬಣ್ಣ ಗಾಢವಾಗುತ್ತದೆ. ಪ್ಲಾಸ್ಟಿಕ್ ಹೂವಿಗೂ ನಿಜವಾದ ಹೂವಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು ಅಲ್ಲೇ.

ಹಿಂದಿನಿಂದ ಬೆಳಕು ಬಂದಾಗ ಮುಂದಿನ ಭಾಗ ಕಪ್ಪಾಗುತ್ತದೆ. ಅದಕ್ಕೆ ಇನ್ನೊಂದು ದೀಪ ಬೇಡ. ಟಿವಿ ಡಬ್ಬಿಯಲ್ಲಿ ಬಂದ ಥರ್ಮಾಕೋಲ್ ತುಂಡನ್ನು ಮುಂದೆ ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ಹೂವಿಗೆ ವಾಪಸ್ ಬರುತ್ತದೆ. ಜಾಸ್ತಿ ಆಯಿತು ಅನ್ನಿಸಿದರೆ ದೂರ ಸರಿಸಿ. ಕೆಲವೊಮ್ಮೆ ತಿರುಗುಮುರುಗು ಬೇಕಾಗುತ್ತದೆ: ಬಿಳಿ ಮಲ್ಲಿಗೆಯ ಅಂಚು ಬಿಳಿ ಗೋಡೆಯಲ್ಲಿ ಕರಗಿಹೋದಾಗ ಪಕ್ಕದಲ್ಲಿ ಒಂದು ಕಪ್ಪು ರಟ್ಟು ನಿಲ್ಲಿಸಿದರೆ ಅಂಚು ತಿದ್ದಿದ ಹಾಗೆ ಬರುತ್ತದೆ.

ಹಿನ್ನೆಲೆಯ ಗುಟ್ಟು ಸ್ವಲ್ಪ ಲೆಕ್ಕದ್ದು, ಆದರೆ ಸುಲಭದ ಲೆಕ್ಕ. ಸಣ್ಣ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಆಗುತ್ತದೆ. ನಾಲ್ಕರಷ್ಟಾದರೆ ಹದಿನಾರನೇ ಒಂದು ಪಾಲು. ಟೇಬಲ್ ಲ್ಯಾಂಪನ್ನು ಹೂವಿನಿಂದ 30 ಸೆಂಟಿಮೀಟರ್ ದೂರ ಇಡಿ. ಹಿಂದಿನ ಗೋಡೆ ಲ್ಯಾಂಪಿನಿಂದ 120 ಸೆಂಟಿಮೀಟರ್ ಇರಲಿ. ಹೂವಿಗೆ ಬೀಳುವ ಬೆಳಕಿನ ಹದಿನಾರನೇ ಒಂದು ಪಾಲು ಮಾತ್ರ ಗೋಡೆಗೆ. ಸುಣ್ಣ ಬಳಿದ ಗೋಡೆಯೂ ಬೂದಿ ಬಣ್ಣಕ್ಕೆ ಇಳಿಯುತ್ತದೆ, ಬಣ್ಣದ ಗೋಡೆಯಾದರೆ ಕಪ್ಪೇ. ಅದೇ ಲ್ಯಾಂಪನ್ನು ಎರಡು ಮೀಟರ್ ಹಿಂದಕ್ಕೆ ಒಯ್ದರೆ ಹೂವಿಗೂ ಗೋಡೆಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಕಿಟಕಿಯ ಬೆಳಕು ಇಷ್ಟು ಬೇಗ ಕುಸಿಯುವುದಿಲ್ಲ, ಅದು ದೊಡ್ಡದು. ಆದರೂ ಗೋಡೆಯನ್ನು ದೂರ ಇಟ್ಟಷ್ಟೂ ಒಳ್ಳೆಯದು. ಪೂರ್ತಿ ಕಪ್ಪು ಬೇಕೆಂದರೆ ಕಪ್ಪು ವೆಲ್ವೆಟ್‌ನ ರವಿಕೆ ಕಣ ಒಂದು ಸಾಕು. ವೆಲ್ವೆಟ್ ಬೆಳಕನ್ನು ನುಂಗುತ್ತದೆ. ಸ್ಯಾಟಿನ್ ಬೇಡ, ಅದು ಹೊಳೆಯುತ್ತದೆ.

ಇಲ್ಲಿ ಇಬ್ಬರನ್ನು ನೆನೆಯಬೇಕು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೋಟೊಗ್ರಾಫರ್ ಇಮೋಜೆನ್ ಕನ್ನಿಂಗ್‌ಹ್ಯಾಮ್ ಮನೆಯಲ್ಲಿ ಮೂರು ಚಿಕ್ಕ ಗಂಡುಮಕ್ಕಳು, ಅದರಲ್ಲಿ ಇಬ್ಬರು ಅವಳಿ. ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಹಿತ್ತಲಲ್ಲಿ ಬೆಳೆದ ಗಿಡಗಳ ಫೋಟೊವನ್ನೇ ತೆಗೆದರು. 1925ರ ಸುಮಾರಿಗೆ ತೆಗೆದ ಮ್ಯಾಗ್ನೋಲಿಯಾ ಹೂವಿನ ಗರ್ಭ ಇವತ್ತಿಗೂ ಅವರ ಅತ್ಯಂತ ಹೆಸರಾದ ಫೋಟೊಗಳಲ್ಲಿ ಒಂದು. ನಮ್ಮ ಸಂಪಿಗೆಯೂ ಮ್ಯಾಗ್ನೋಲಿಯಾ ಕುಲದ್ದೇ. ಇನ್ನೊಬ್ಬರು ಬರ್ಲಿನ್ನಿನ ಕಲಾಶಾಲೆಯ ಮೇಷ್ಟ್ರು ಕಾರ್ಲ್ ಬ್ಲಾಸ್‌ಫೆಲ್ಟ್. ಕೈಯಿಂದಲೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಕುಡಿ, ಬೀಜದ ಕಾಯಿಗಳನ್ನು ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿ ಫೋಟೊ ತೆಗೆದವರು, ವಿದ್ಯಾರ್ಥಿಗಳಿಗೆ ಆಕಾರ ತೋರಿಸಲಿಕ್ಕೆ ಅಂತ. ಮೆತ್ತಗಿನ ಹಗಲು ಬೆಳಕು, ಹಿಂದೆ ಬರೀ ರಟ್ಟು. ನಮ್ಮ ಊಟದ ಮೇಜಿನ ಸ್ಟುಡಿಯೊಗೂ ಅದಕ್ಕೂ ಅಂಥ ದೂರವೇನಿಲ್ಲ.

ಈಗ ಕ್ಯಾಮೆರಾಗೆ ಬರೋಣ. ಬೆಳಕು ಅಳೆಯುವ ಅದರ ಮೀಟರಿಗೆ ಹೂವು ಗೊತ್ತಿಲ್ಲ. ಎದುರಿಗೆ ಇರುವುದೆಲ್ಲ ನಡುಬೂದು ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. ಬಿಳಿ ಹಾಳೆಯ ಮೇಲೆ ಮಲ್ಲಿಗೆ ಮೊಗ್ಗು ಇಟ್ಟರೆ ಅದನ್ನೂ ಬೂದು ಮಾಡುತ್ತದೆ. ಆಗ ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು) ಒಂದು ಸ್ಟಾಪ್, ಅಂದರೆ ಎರಡರಷ್ಟು, ಏರಿಸಬೇಕು. ಅದೇ ಮೊಗ್ಗನ್ನು ಕಪ್ಪು ವೆಲ್ವೆಟ್ ಮೇಲೆ ಇಟ್ಟರೆ ಕ್ಯಾಮೆರಾ ಕಪ್ಪನ್ನು ನೋಡಿ ಗಾಬರಿಯಾಗಿ ಬೆಳಕು ಸುರಿಯುತ್ತದೆ. ಮೊಗ್ಗು ಸುಟ್ಟು ಬಿಳಿಯ ಚುಕ್ಕೆಯಾಗುತ್ತದೆ. ಆಗ ಇಳಿಸಬೇಕು. ಅದೇ ಹೂವು, ಅದೇ ಬೆಳಕು. ಬದಲಾದದ್ದು ಹಿಂದಿನ ಬಟ್ಟೆ ಮಾತ್ರ. ಹಾಗಾಗಿ ಕ್ಯಾಮೆರಾ ತಾನೇ ಲೆಕ್ಕ ಬದಲಾಯಿಸದ ಮ್ಯಾನ್ಯುಯಲ್‌ಗೆ ಹಾಕಿ ಹೂವಿಗೆ ಸರಿಹೋಗುವ ಲೆಕ್ಕ ಒಮ್ಮೆ ಹಿಡಿದರೆ ಆಮೇಲೆ ಬಟ್ಟೆ ಎಷ್ಟು ಬದಲಾಯಿಸಿದರೂ ಚಿಂತೆ ಇಲ್ಲ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಬೆಳಕನ್ನು ಮೇಲೆ ಕೆಳಗೆ ಎಳೆಯಿರಿ.

ಕೆಂಪು ಹೂವಿನ ಸಂಕಟ ಬೇರೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಕಣಗಳಲ್ಲಿ ಅರ್ಧ ಹಸಿರು ನೋಡುತ್ತವೆ, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೆಂಪು ದಾಸವಾಳದಿಂದ ಬರುವುದು ಬಹುತೇಕ ಕೆಂಪು ಬೆಳಕೇ. ಕೆಂಪು ನೋಡುವ ಕಣಗಳು ತುಂಬಿ ತುಳುಕುತ್ತವೆ, ಉಳಿದವು ಹೆಚ್ಚುಕಡಿಮೆ ಖಾಲಿ. ಒಟ್ಟು ಹೊಳಪು ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅಂತ ಕ್ಯಾಮೆರಾ ಹೇಳುತ್ತದೆ. ಆದರೆ ತುಂಬಿದ ಲೋಟಕ್ಕೆ ಇನ್ನಷ್ಟು ಸುರಿದರೂ ಅದು ತುಂಬಿದ ಲೋಟವೇ ಅಲ್ವಾ? ಎಸಳಿನ ಉಬ್ಬು, ತಗ್ಗು, ನರ ಎಲ್ಲವೂ ಒಂದೇ ಕೆಂಪು ಆಗುವುದು ಹೀಗೆ. ನನ್ನ ಮೊದಲ ಫೋಟೊದಲ್ಲಿ ಆದದ್ದು ಇದೇ. ಪರಿಹಾರ ಸುಲಭ. ಮೂರು ಬಣ್ಣಕ್ಕೂ ಬೇರೆ ಬೇರೆ ಗ್ರಾಫ್ ತೋರಿಸುವ ಹಿಸ್ಟೊಗ್ರಾಮ್ ನೋಡಿ, ಕೆಂಪು ಗ್ರಾಫ್ ಬಲಗಡೆಯ ಗೋಡೆಗೆ ಗುದ್ದಿದ್ದರೆ ಎಕ್ಸ್‌ಪೋಷರ್ ಇಳಿಸಿ. ಫೋಟೊ ಸ್ವಲ್ಪ ಕಪ್ಪಾಗಿ ಕಂಡರೂ ಪರವಾಗಿಲ್ಲ. ಕ್ಯಾಮೆರಾ ಏನೂ ತಿದ್ದದೆ ಉಳಿಸುವ ರಾ ಫೈಲ್ ತೆಗೆದರೆ ಆಮೇಲೆ ಸರಿಮಾಡಿಕೊಳ್ಳಬಹುದು. ಬಣ್ಣ ಗಾಢ ಮಾಡುವ 'ವಿವಿಡ್' ಅನ್ನುವ ಆಯ್ಕೆ ಆನ್ ಇದ್ದರೆ ದಯವಿಟ್ಟು ಆಫ್ ಮಾಡಿ. ದಾಸವಾಳಕ್ಕೆ ಅದರ ಅವಶ್ಯಕತೆ ಇಲ್ಲ.

ನೀಲಿ ಹೂವಿಗೂ ಒಂದು ಕಾಲದಲ್ಲಿ ಇಂಥದೇ ಗ್ರಹಚಾರ ಇತ್ತು. ಕೆಲವು ನೀಲಿ ಹೂವುಗಳು ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಕಡುಗೆಂಪನ್ನೂ ಹಿಂದಕ್ಕೆ ಕಳಿಸುತ್ತವೆ. ಬಣ್ಣದ ಫಿಲ್ಮ್ ಅದನ್ನೂ ಹಿಡಿದು ಕೆಂಪು ಅಂತ ಬರೆದುಕೊಳ್ಳುತ್ತಿತ್ತು, ನೀಲಿ ಹೂವು ಗುಲಾಬಿ ಛಾಯೆಗೆ ತಿರುಗುತ್ತಿತ್ತು. ಅಜೆರಾಟಮ್ ಅನ್ನುವ ಹೂವಿನ ಹೆಸರನ್ನೇ ಈ ದೋಷಕ್ಕೆ ಇಟ್ಟಿದ್ದರು. ಈಗಿನ ಸೆನ್ಸರಿನ ಮುಂದೆ ಅಂಥ ಬೆಳಕನ್ನು ತಡೆಯುವ ಫಿಲ್ಟರ್ ಇರುವುದರಿಂದ ಆ ಕಾಟ ಬಹಳ ಕಡಿಮೆ.

ರಾತ್ರಿ ದೀಪದಲ್ಲಿ ತೆಗೆಯುವುದಾದರೆ ಒಂದೇ ಜಾತಿಯ ದೀಪ ಇರಲಿ. ಬೆಳಕಿನ ಬಣ್ಣದ ಅಳತೆಯಲ್ಲಿ ಹಳದಿ ಬಲ್ಬು 2700 ಕೆಲ್ವಿನ್, ಹಗಲಿನ ಬೆಳಕು 5500ರ ಆಸುಪಾಸು. ಎರಡೂ ಬೆರೆತರೆ ಹೂವಿನ ಒಂದು ಮಗ್ಗುಲು ಅರಿಶಿನ, ಇನ್ನೊಂದು ನೀಲಿ. ಯಾವ ಸಾಫ್ಟ್‌ವೇರೂ ಅದನ್ನು ನೀಟಾಗಿ ಬಿಡಿಸಿಕೊಡುವುದಿಲ್ಲ. ಎಲ್ಇಡಿ ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕ ಇರುತ್ತದೆ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ ಅಳತೆ. ಆ ಅಂಕ ಒಂದು ಸರಾಸರಿ, ಅದಕ್ಕೆ ತಗೊಳ್ಳುವುದು ಎಂಟು ತಿಳಿಬಣ್ಣಗಳನ್ನು ಮಾತ್ರ. ಕಡು ಕೆಂಪು ಒಂಬತ್ತನೆಯದು, ಆರ್9 ಅಂತ ಅದರ ಹೆಸರು, ಸರಾಸರಿಯಲ್ಲಿ ಅದು ಸೇರುವುದೇ ಇಲ್ಲ. ಅಂಕ ಚೆನ್ನಾಗಿರುವ ಬಲ್ಬಿನ ಕೆಳಗೂ ಕೆಂಪು ಗುಲಾಬಿ ಇಟ್ಟಿಗೆ ಬಣ್ಣ ಕಂಡರೆ ಕಾರಣ ಇದು. ಇನ್ನೊಂದು: ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಫೋಟೊದಲ್ಲಿ ಅಡ್ಡ ಪಟ್ಟೆ ಬಂದರೆ ಶಟರನ್ನು (ಬೆಳಕು ಒಳಗೆ ಬಿಡುವ ಬಾಗಿಲನ್ನು) 1/50 ಸೆಕೆಂಡಿಗೋ ಅದಕ್ಕಿಂತ ನಿಧಾನಕ್ಕೋ ಇಳಿಸಿ.

ಇನ್ನು ಉಳಿದದ್ದು ನನ್ನ ಮೊದಲ ಫೋಟೊದ ಆ ಮಸುಕು. ಹತ್ತಿರದಿಂದ ತೆಗೆಯುವಾಗ ಚೂಪಾಗಿ ಬರುವ ಪದರ ಎಷ್ಟು ತೆಳ್ಳಗಿರುತ್ತದೆ ಅನ್ನುವುದು ಅಂಕಿ ನೋಡುವವರೆಗೂ ತಲೆಗೆ ಹೋಗುವುದಿಲ್ಲ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಹತ್ತು ಸೆಂಟಿಮೀಟರಿನ ದಾಸವಾಳ ಫೋಟೊ ತುಂಬುವ ಹಾಗೆ ಹಿಡಿದರೆ, ಎಫ್/8 ಅಪರ್ಚರ್‌ನಲ್ಲಿ (ಅಪರ್ಚರ್ ಅಂದರೆ ಲೆನ್ಸಿನೊಳಗಿನ ಕಿಂಡಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಚೂಪಾಗಿ ಬರುವುದು ಸುಮಾರು ಒಂದು ಸೆಂಟಿಮೀಟರ್ ಪದರ. ಕೇಸರದ ಕೋಲು ಹೂವಿನ ಗಂಟಲಿನಿಂದ ಆರೇಳು ಸೆಂಟಿಮೀಟರ್ ಮುಂದಕ್ಕೆ ಚಾಚಿರುತ್ತದೆ. ಲೆಕ್ಕ ಹೇಗೆ ಸರಿಹೋದೀತು? ಇನ್ನೂ ಹತ್ತಿರ ಹೋಗಿ, ಸೆನ್ಸರಿನ ಮೇಲೆ ಹೂವು ತನ್ನ ನಿಜವಾದ ಅಳತೆಯಲ್ಲೇ ಮೂಡುವಷ್ಟು ಅಂದರೆ 1:1ಕ್ಕೆ ಬಂದರೆ, ಅದೇ ಎಫ್/8ರಲ್ಲಿ ಒಂದು ಮಿಲಿಮೀಟರ್ ಮಾತ್ರ.

ಅಪರ್ಚರ್ ಕಿರಿದು ಮಾಡಿ ಎಫ್/22ಕ್ಕೆ ಹೋಗಬಹುದು. ಪದರ ದಪ್ಪ ಆಗುತ್ತದೆ. ಆದರೆ ಸಣ್ಣ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದರಿಂದ ಇಡೀ ಫೋಟೊ ಸ್ವಲ್ಪ ಮಂಕಾಗುತ್ತದೆ. ನಾನು ಎಫ್/11ರ ಆಚೆ ಹೋಗುವುದು ಕಡಿಮೆ. ಅದಕ್ಕಿಂತ ಸುಲಭದ ಉಪಾಯ ಹೂವನ್ನು ತಿರುಗಿಸುವುದು. ದಾಸವಾಳವನ್ನು ಎದುರಿನಿಂದ ಬಿಟ್ಟು ಪಕ್ಕದಿಂದ ನೋಡಿ. ಕೇಸರದ ಕೋಲು ಈಗ ಸೆನ್ಸರಿಗೆ ಸಮಾನಾಂತರ. ತುದಿಯ ಐದು ಕೆಂಪು ಗುಂಡುಗಳು, ಅದರ ಕೆಳಗೆ ಹಳದಿ ಪರಾಗದ ಕಾಳುಗಳು, ಕೋಲಿನ ಬುಡ, ಎಲ್ಲವೂ ಆ ಒಂದು ಸೆಂಟಿಮೀಟರ್ ಪದರದೊಳಗೆ ಕೂರುತ್ತವೆ. ಲೆನ್ಸ್ ಕೊಳ್ಳಲು ಇಟ್ಟಿದ್ದ ದುಡ್ಡು ಉಳಿಯಿತು.

ಎದುರಿನಿಂದಲೇ ಬೇಕು, ಎಲ್ಲವೂ ಚೂಪಾಗಿರಬೇಕು ಅಂದರೆ ಫೋಕಸ್ ಸ್ಟ್ಯಾಕಿಂಗ್. ಟ್ರೈಪಾಡ್ ಅಲುಗಿಸದೆ, ಕೇಸರದ ತುದಿಯಿಂದ ಶುರು ಮಾಡಿ ಗಂಟಲಿನವರೆಗೆ ಫೋಕಸನ್ನು ಒಂದೊಂದು ಎಳೆ ಸರಿಸುತ್ತಾ ಹತ್ತು ಹನ್ನೆರಡು ಫೋಟೊ. ಆಮೇಲೆ ಸಾಫ್ಟ್‌ವೇರ್ ಪ್ರತಿಯೊಂದರಿಂದ ಚೂಪಾದ ಭಾಗ ಮಾತ್ರ ಆರಿಸಿ ಹೊಲಿಯುತ್ತದೆ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ದುಡ್ಡು ಕೊಟ್ಟು ಕೊಳ್ಳುವಂಥವು. ಹ್ಯೂಗಿನ್ ಅನ್ನುವ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್ ಉಚಿತ, ಸ್ವಲ್ಪ ಒದ್ದಾಡಬೇಕು ಅಷ್ಟೇ. ಇದಕ್ಕೆ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಹನ್ನೆರಡರಲ್ಲಿ ಒಂದು ಫೋಟೊದಲ್ಲಿ ಹೂವು ಕೂದಲೆಳೆಯಷ್ಟು ಅಲ್ಲಾಡಿದರೂ ಎಸಳಿಗೆ ಎರಡೆರಡು ಅಂಚು. ಫ್ಯಾನ್ ಆರಿಸಿ, ತೊಟ್ಟನ್ನು ಚಪಾತಿ ಹಿಟ್ಟಿನ ಉಂಡೆಗೆ ಚುಚ್ಚಿ ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಿರಿ. ದಾಸವಾಳ ಇದಕ್ಕೆ ಹೇಳಿ ಮಾಡಿಸಿದ ಹೂವು, ಕಿತ್ತ ಮೇಲೆ ನೀರಿಲ್ಲದೆಯೂ ಸಂಜೆಯವರೆಗೆ ಅರಳಿಕೊಂಡೇ ಇರುತ್ತದೆ. ಪಾರಿಜಾತಕ್ಕೆ ಅಷ್ಟು ತಾಳ್ಮೆ ಇಲ್ಲ. ಕಲಿಯುವವರಿಗೆ ಸೇವಂತಿಗೆ ಬಲು ವಾಸಿ, ನಾಲ್ಕು ದಿನ ಬೇಕಾದರೂ ಕೂರುತ್ತದೆ.

ಮೊಬೈಲಿನ ಸೆನ್ಸರ್ ಚಿಕ್ಕದು, ಚೂಪಾದ ಪದರ ತಾನಾಗಿಯೇ ದಪ್ಪ. ಅದು ಅದರ ಅನುಕೂಲ. ಆದರೆ ತುಂಬಾ ಹತ್ತಿರ ಹೋದರೆ ಎಷ್ಟೋ ಫೋನುಗಳು ಹೇಳದೆ ಕೇಳದೆ ಅಗಲದ ಲೆನ್ಸಿಗೆ ಜಾರುತ್ತವೆ, ಫೋನಿನ ನೆರಳು ಹೂವಿನ ಮೇಲೆ ಬೀಳುತ್ತದೆ. ಒಂದಡಿ ಹಿಂದೆ ಸರಿದು 2ಎಕ್ಸ್ ಒತ್ತುವುದು ವಾಸಿ.

ಇಷ್ಟೆಲ್ಲ ಕಲಿತ ಮೇಲೆ ಹೋದ ಮಳೆಗಾಲದಲ್ಲಿ ಬ್ರಹ್ಮಕಮಲ ಅರಳಿತು. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ, ಇದು ಕಳ್ಳಿ ಜಾತಿಯ ಗಿಡ. ಆದರೆ ನಮ್ಮ ಕಡೆ ಎಲ್ಲರಿಗೂ ಇದೇ ಬ್ರಹ್ಮಕಮಲ. ಕುಂಡವನ್ನು ಹಾಲ್‌ಗೆ ತಂದಿಟ್ಟು, ಪಂಚೆಯ ಹಿಂದೆ ಎಲ್ಇಡಿ ಹಚ್ಚಿ, ಎಂಟು ಗಂಟೆಗೆ ಸ್ಟ್ಯಾಕಿಂಗ್ ಶುರು ಮಾಡಿದೆ. ಮೂರು ಸಲ ಮಾಡಿದೆ, ಮೂರೂ ಸಲ ಎಸಳಿಗೆಲ್ಲ ದೆವ್ವದ ಅಂಚು. ಫ್ಯಾನ್ ಆರಿಸಿಯೇ ಇತ್ತು. ಆಮೇಲೆ ಹೊಳೆಯಿತು, ಹೂವು ಅರಳುತ್ತಾ ಇದೆ! ಹನ್ನೆರಡು ಫೋಟೊ ಮುಗಿಯುವಷ್ಟರಲ್ಲಿ ಎಸಳು ಜಾಗ ಬಿಟ್ಟಿರುತ್ತಿತ್ತು.

ಹನ್ನೊಂದೂವರೆಗೆ ಪೂರ್ತಿ ಅರಳಿ ನಿಂತಿತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಆರತಿ ತಟ್ಟೆ ಹಿಡಿದು ಬಂದರು. "ನಿನ್ನ ಲೈಟ್ ಆರಿಸಪ್ಪ, ದೀಪದಲ್ಲಿ ನೋಡೋಣ" ಅಂದರು. ಆರಿಸಿದೆ. ಕತ್ತಲಲ್ಲಿ ಸುಮ್ನೆ ಇರಲಿ ಅಂತ ಎಂಟು ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು ಬಟನ್ ಒತ್ತಿದೆ. ಅಜ್ಜಿ ನಿಧಾನವಾಗಿ ಮೂರು ಸುತ್ತು ಆರತಿ ಎತ್ತಿದರು.

ಒಂದು ಬತ್ತಿಯ ದೀಪ, ಅದಕ್ಕಿಂತ ಪುಟಾಣಿ ಬೆಳಕು ಇನ್ನೆಲ್ಲಿದೆ? ಗಡುಸು ನೆರಳು ಬರಬೇಕಿತ್ತು. ಆದರೆ ಆ ಎಂಟು ಸೆಕೆಂಡು ದೀಪ ಹೂವಿನ ಮುಂದೆ ಸುತ್ತುತ್ತಲೇ ಇತ್ತು. ಪ್ರತಿ ಜಾಗದ ಬೆಳಕೂ ಹಿಂದಿನ ಜಾಗದ ನೆರಳನ್ನು ಸ್ವಲ್ಪ ಸ್ವಲ್ಪ ತುಂಬಿತು. ಸೆನ್ಸರಿಗೆ ಕಂಡದ್ದು ತಟ್ಟೆಯ ಸುತ್ತಿನಷ್ಟು ದೊಡ್ಡ ಒಂದು ದೀಪ. ನೆರಳಿನ ಅಂಚು ಪಂಚೆಯ ಬೆಳಕಿನಷ್ಟೇ ಮೆತ್ತಗೆ ಬಂದಿತ್ತು, ಎಸಳಿನ ಒಳಗೆಲ್ಲ ತುಪ್ಪದ ಬಣ್ಣ. ವೈಟ್ ಬ್ಯಾಲೆನ್ಸ್ ತಿದ್ದಿ ಬಿಳಿ ಮಾಡಬಹುದಿತ್ತು. ಮಾಡಲಿಲ್ಲ. ಬೆಳಿಗ್ಗೆ ಅಮ್ಮನಿಗೆ ತೋರಿಸಿದಾಗ ಹೂವು ಆಗಲೇ ತಲೆ ಬಗ್ಗಿಸಿ ಜೋತುಬಿದ್ದಿತ್ತು.